ತೊಟ್ಟಿಲಿಗಿಂತ ಮುಂಚೆ ಬಂದ ಹೆಸರು

ನನ್ನ ತಮ್ಮ ಕಲ್ಮೇಶ ಸುಳ್ಳು ಹೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ, ಯಾಕೆಂದರೆ ಅವನು ಬಹಳ ಮೆತ್ತಗೆ ಮಾತಾಡುತ್ತಾನೆ. ಜನ ಅನುಮಾನಪಡುವುದು ಜೋರು ಬಾಯಿಯವರನ್ನು. ನನ್ನದು ಜೋರು ಬಾಯಿ. ಆಪರೇಶನ್ ಥಿಯೇಟರಿನಲ್ಲಿ ರೋಗಿಗೆ ಅರಿವಳಿಕೆ ಕೊಡುವ ಡಾಕ್ಟರ್ ರೇಣುಕಾದೇವಿ, ಅಂದರೆ ನಾನು, ಬಂದೆನೆಂದರೆ ಇಲ್ಲಿ ಅಮೆರಿಕಾದ ಸರ್ಜನ್ನುಗಳೂ ದನಿ ತಗ್ಗಿಸುತ್ತಾರೆ. ತಗ್ಗಿಸಲಿ. ಒಬ್ಬರ ಮಾತನ್ನು ಇನ್ನೊಬ್ಬರ ಬಾಯಲ್ಲಿ ಇಟ್ಟು ನಾನು ಯಾವತ್ತೂ ಸಂಸಾರ ಮಾಡಿಲ್ಲ.

ಮೊದಲು ಅಪ್ಪನ ವಿಷಯ ಹೇಳಬೇಕು. ಬೈಲಹೊಂಗಲದ ದಾನಪ್ಪ ಮಾಸ್ತರರು ಅಂದರೆ ನಮ್ಮಪ್ಪ. ಹೆಣ್ಣುಹುಡುಗಿಯನ್ನು ಹುಬ್ಬಳ್ಳಿಗೆ ಕಳಿಸಿ ಡಾಕ್ಟರಿಕೆ ಓದಿಸುತ್ತಾರಂತೆ ಎಂದು ಓಣಿಯವರೆಲ್ಲ ಬಾಯಿಗೆ ಬಂದಂತೆ ಆಡಿಕೊಳ್ಳುತ್ತಿದ್ದಾಗ, ನನ್ನ ಟ್ರಂಕನ್ನು ತಾವೇ ಹೆಗಲ ಮೇಲೆ ಹೊತ್ತು, ನಡುಬೀದಿಯಲ್ಲಿ ನಡೆದು ಬಸ್ ಹತ್ತಿಸಿದವರು. ನನ್ನ ಮೇಲೆ ಒಂದು ದಿನವೂ ಕೈ ಎತ್ತಿದವರಲ್ಲ. ಈ ಹೆಸರಿನ ಗಲಾಟೆ ನಡೆದಾಗ ಅವರು ತೀರಿಹೋಗಿ ಮೂರು ವರ್ಷವಾಗಿತ್ತು, ನನಗೆ ಇನ್ನೂ ಭಾನುವಾರ ಬೆಳಿಗ್ಗೆ ಫೋನ್ ಮಾಡಬೇಕು ಅನ್ನಿಸುತ್ತಿತ್ತು.

ನನಗೆ ಇಬ್ಬರೂ ಹೆಣ್ಣುಮಕ್ಕಳು. ನಮ್ಮ ಕಡೆ ಮಗನ ಮಗನಿಗೆ ಅಜ್ಜನ ಹೆಸರು ಇಡುತ್ತಾರೆ. ಕೂಸನ್ನು ತೊಟ್ಟಿಲಿಗೆ ಹಾಕಿದ ದಿನ ಆ ಹೆಸರನ್ನು ಮೊಟ್ಟಮೊದಲು ಅದರ ಕಿವಿಯಲ್ಲಿ ಹೇಳುವವಳು ಸೋದರತ್ತೆ, ಅಂದರೆ ಅಪ್ಪನ ಅಕ್ಕನೋ ತಂಗಿಯೋ. ಅಲ್ಲಿಯವರೆಗೆ ಯಾರೂ ಕೂಸನ್ನು ಹೆಸರು ಹಿಡಿದು ಕರೆಯುವಂತಿಲ್ಲ, ಹೆತ್ತ ತಾಯಿಯೂ ಕೂಡ. ಕಲ್ಮೇಶನಿಗೆ ಇರುವವಳು ನಾನೊಬ್ಬಳೇ ಅಕ್ಕ. ಹಾಗಾಗಿ ಅವನ ಹೆಂಡತಿ ಮರೈಕೆಗೆ ಗಂಡುಕೂಸು ಅಂತ ಸ್ಕ್ಯಾನಿಂಗಿನಲ್ಲಿ ಗೊತ್ತಾದಾಗ ನಾನು ಕಾರಿನಲ್ಲಿ ಒಬ್ಬಳೇ ಕೂತು ಅತ್ತೆ. ಅಪ್ಪ ವಾಪಸ್ ಬಂದರು ಅಂತ ಅತ್ತೆ, ಇನ್ನೇನಿಲ್ಲ.

ಮರೈಕೆ ಹಾಲೆಂಡಿನವಳು, ಉದ್ದಕ್ಕೆ ಬೆಳೆದ ಹುಡುಗಿ, ವಾಷಿಂಗ್ಟನ್ನಿನಲ್ಲಿ ಯಾವುದೋ ದೊಡ್ಡ ಅಂತರರಾಷ್ಟ್ರೀಯ ಬ್ಯಾಂಕಿನಲ್ಲಿ ಕೆಲಸ. ಕಲ್ಮೇಶ ಅಲ್ಲೇ ಹತ್ತಿರದ ಶ್ಯಾಂಟಿಲಿಯಲ್ಲಿ ಇಂಜಿನಿಯರು. ಇವರಿಬ್ಬರಿಗೂ ಮೆಟ್ರೋ ರೈಲಿನಲ್ಲಿ ಪರಿಚಯವಾಗಿ, ಮದುವೆಯಾದಾಗ ನಾನು ಒಂದು ಅಡ್ಡ ಮಾತು ಆಡಲಿಲ್ಲ. ನನ್ನ ಕೈಯಾರೆ ಅವಳಿಗೆ ಇಳಕಲ್ ಸೀರೆ ಉಡಿಸಿದ್ದೆ. ಸೀರೆ ಅವಳ ಮೊಣಕಾಲಿನಿಂದ ಸ್ವಲ್ಪ ಕೆಳಗೆ ಬರುತ್ತಿತ್ತು ಅಷ್ಟೇ, ಪಾಪ.

ಸ್ಕ್ಯಾನಿಂಗ್ ಆದ ವಾರ ಕಲ್ಮೇಶ ನಮ್ಮ ರೆಸ್ಟನ್ನಿನ ಮನೆಗೆ ಬಂದ. ಚಹಾದ ಕಪ್ಪನ್ನು ಸುತ್ತ ತಿರುಗಿಸುತ್ತ ಕೂತ.

"ಅಕ್ಕಾ, ಹೆಸರಿನ ವಿಷಯದಾಗ ಸ್ವಲ್ಪ ಪ್ರಾಬ್ಲೆಮ್ ಐತಿ."

"ಎಂಥಾ ಪ್ರಾಬ್ಲೆಮ್? ದಾನಪ್ಪ ಅಂತ ಇಡೂದು, ಮುಗೀತು."

"ಮರೈಕೆ ಮನ್ಯಾಗ ಡಚ್ ಹೆಸರ ಆಗಬೇಕಂತ. ಅವರಮ್ಮ ಭಾಳ ಸ್ಟ್ರಿಕ್ಟ್. ನಾ ಎಷ್ಟ್ ಹೇಳಿದ್ರೂ ಕೇಳವಲ್ರು."

ನನ್ನ ಬಾಯಿಂದ ಏನೇನು ಬಂತೋ ಬರೆಯುವುದಿಲ್ಲ. ನಮ್ಮ ತಮ್ಮನನ್ನು ತಗೊಂಡರು, ಈಗ ನಮ್ಮಪ್ಪನ ಹೆಸರನ್ನೂ ಒರೆಸುತ್ತಾರಂತೆ, ಯಾವ ಊರಿನ ದೌಲತ್ತು ಇದು ಅಂದೆ. ಕಲ್ಮೇಶ ತಲೆ ತಗ್ಗಿಸಿ ಕೇಳಿಸಿಕೊಂಡ. ನಮ್ಮ ಮನೆಯವರು ಶಿವಬಸಪ್ಪನವರು ಒಳಗಿಂದ ಬಂದು, "ಹೊರಾಕಿ ಅಕಿ, ಹಡಿಯಾಕಿ ಅಕಿ. ಒಂದ್ ಹೆಸರಿಗೆ ಯಾಕ ಮನಿ ಮುರ್ಕೊತೀರಿ?" ಅಂದರು. ನಾಲ್ಕು ದಿನ ನಾನು ಅವರ ಜತೆಯೂ ಮಾತು ಬಿಟ್ಟೆ.

ಐದನೇ ದಿನ ಬುದ್ಧಿ ಬಂತು ಅನ್ನಿ, ಅಥವಾ ಸೋತೆ ಅನ್ನಿ. ಪುಸ್ತಕದ ಅಂಗಡಿಗೆ ಹೋಗಿ, ಮಕ್ಕಳ ಹೆಸರಿನದೇ ಒಂದು ದಪ್ಪ ಪುಸ್ತಕ ತಂದೆ. ಅದರಲ್ಲಿ ಡಚ್ ಗಂಡುಹುಡುಗರಿಗೆ ಬೇರೆ ಭಾಗವೇ ಇತ್ತು, ಹೆಸರು, ಪಕ್ಕದಲ್ಲಿ ಅರ್ಥ. ಇಡಲೇಬೇಕು ಅಂದರೆ ಇಡಲಿ, ಆರಿಸುವವಳು ನಾನು ಅಂತ ಹಟ.

ಓದುತ್ತಾ ಹೋದರೆ ನಗು ಬಂತು. ಆ ಕಡೆಯ ಹಿರಿಯರಿಗೆ ಮಗ ಹುಟ್ಟಿದ ಕೂಡಲೇ ಯುದ್ಧದ ನೆನಪಾಗುತ್ತಿತ್ತೇನೋ. ರುಟ್ಗರ್ ಅಂದರೆ ಹೆಸರುವಾಸಿ ಭರ್ಚಿ. ವಿಲ್ಲೆಮ್ ಅಂದರೆ ಗಟ್ಟಿ ಮನಸ್ಸು ಮತ್ತು ತಲೆಗೆ ಹಾಕುವ ಕಬ್ಬಿಣದ ಟೋಪಿ. ಬೆರೆಂಡ್ ಕರಡಿಯಂಥವನು. ದಿರ್ಕ್ ಜನರನ್ನು ಆಳುವವನು, ಹೆಂಡ್ರಿಕ್ ಮನೆ ಆಳುವವನು. ಕೂನ್‌ರಾಡ್ ಧೈರ್ಯವಾಗಿ ಬುದ್ಧಿ ಹೇಳುವವನು. ನಾನು ಜೋರಾಗಿ ಓದುವುದು, ನಮ್ಮ ಮನೆಯವರು ಪೇಪರಿನ ಹಿಂದಿನಿಂದ ಕೇಳುವುದು.

"ಎಲ್ಲಾ ಫೌಜುದಾರರ ಹೆಸರ ಆದವು. ಮಾಸ್ತರಂಥದ್ದು ಒಂದೂ ಇಲ್ಲೇನ?" ಅಂದರು.

ಇತ್ತು. ಮತೈಸ್. ಪಕ್ಕದಲ್ಲಿ ಬರೆದಿತ್ತು: ದೇವರು ಕೊಟ್ಟ ದಾನ. ನನ್ನ ಕಣ್ಣು ಅಲ್ಲೇ ನಿಂತಿತು. ಅಪ್ಪನ ಹೆಸರು ಇಲ್ಲದಿದ್ದರೆ ಅದರ ಅರ್ಥವಾದರೂ ಇರಲಿ ಅನ್ನಿಸಿತು. ಆಗಲೇ ಫೋನ್ ಮಾಡಿದೆ.

"ಭಾಳ ಛಲೋ ಆತ ಅಕ್ಕಾ," ಅಂದ ಕಲ್ಮೇಶ. ಆಮೇಲೆ, "ಆದ್ರ ಒಂದ್ ಮಾತು. ಮರೈಕೆ ಮುಂದ ನೀ ಈ ಹೆಸರಿನ ಸುದ್ದಿ ತೆಗೀಬ್ಯಾಡ. ಅಕಿ ಸದ್ಯ ಭಾಳ ಸೆನ್ಸಿಟಿವ್ ಆಗ್ಯಾಳ. ನಾನ ಹೇಳ್ತೀನಿ," ಅಂದ.

ಹೊಟ್ಟೆಯಲ್ಲಿ ಕೂಸಿರುವ ಹುಡುಗಿ, ಯಾಕೆ ಅಳಿಸಲಿ ಅಂತ ನಾನು ಬಾಯಿ ಹೊಲಿದುಕೊಂಡೆ. ಅವಳು ಮನೆಗೆ ಬಂದರೆ ಹವಾಮಾನದ ಮಾತಾಡಿ ಕಳಿಸುತ್ತಿದ್ದೆ. ಅವಳೂ ಅಷ್ಟೇ, ಏನೋ ಹೇಳಲು ಬಾಯಿ ತೆರೆದು, ನಕ್ಕು, ಹಿಮದ ಮಾತಿಗೆ ಬರುತ್ತಿದ್ದಳು. ಗೆದ್ದವಳ ನಗು ಇದು ಅಂತ ನನಗೆ ಒಳಗೊಳಗೇ ಉರಿಯುತ್ತಿತ್ತು.

೧೯೯೬ರ ಮಾರ್ಚಿನಲ್ಲಿ ಕೂಸು ಹುಟ್ಟಿತು. ಆಸ್ಪತ್ರೆಗೆ ಓಡಿದೆ. ಹಣೆ ಥೇಟ್ ಅಪ್ಪನದೇ. ಬರ್ತ್ ಸರ್ಟಿಫಿಕೇಟಿಗೆ ಏನು ಬರೆಸಿದಿ ಅಂತ ಕಲ್ಮೇಶನನ್ನು ಕೇಳಿದೆ. ಈ ದೇಶದಲ್ಲಿ ತಾಯಿ ಕೂಸು ಮನೆಗೆ ಹೋಗುವ ಮೊದಲೇ ಹೆಸರು ಕೇಳುತ್ತಾರೆ, ಅದು ನನಗೂ ಗೊತ್ತು. "ಬೇಬಿ ಬಾಯ್ ಅಂತ ಅಷ್ಟ ಕೊಟ್ಟೀನಿ ಅಕ್ಕಾ. ನೀ ತೊಟ್ಲಾಗ ಹಾಕಿ ಕರದ ಮ್ಯಾಲೆ ಸೇರಿಸಿದ್ರಾತು," ಅಂದ. ನನ್ನ ಸಲುವಾಗಿ ಅಷ್ಟು ಕಾದನಲ್ಲ ಅಂತ ಅವನ ತಲೆ ಸವರಿದೆ. ನೆನೆಸಿಕೊಂಡರೆ ಈಗಲೂ ಕೈ ಉರಿಯುತ್ತದೆ.

ತೊಟ್ಟಿಲ ಕಾರ್ಯಕ್ರಮಕ್ಕೆ ಎಲ್ಲರಿಗೂ ರಜೆ ಇರಲೆಂದು ಶನಿವಾರ ಗೊತ್ತುಮಾಡಿದೆವು. ನಮ್ಮ ಕಡೆಯ ಮಂದಿಗೆಲ್ಲ ಸೇರಿ ಇಲ್ಲಿ ಇದ್ದದ್ದು ಒಂದೇ ಒಂದು ಕಟ್ಟಿಗೆಯ ತೊಟ್ಟಿಲು. ಯಾರ ಮನೆಯಲ್ಲಿ ಕೂಸು ಹುಟ್ಟಿದರೆ ಅಲ್ಲಿಗೆ ಹೋಗುತ್ತಿತ್ತು. ಆ ಸಲ ಅದು ನಾರ್ತ್ ಕ್ಯಾರೊಲೈನಾದ ರಾಲಿಯಲ್ಲಿತ್ತು, ನಮ್ಮ ಮನೆಯವರು ವ್ಯಾನ್ ತಗೊಂಡು ಹೋಗಿ ತಂದರು. ಶ್ಯಾಂಟಿಲಿಯಲ್ಲಿ ಕಲ್ಮೇಶನ ಮನೆಯ ಬೇಸ್‌ಮೆಂಟಿನಲ್ಲಿ ಅದನ್ನು ಕಟ್ಟಿ, ಹೂ ಸುತ್ತಿ, ನಾನು ಬೆಳಿಗ್ಗೆಯಿಂದ ಅಡುಗೆಮನೆಯಲ್ಲಿ ಗುಗ್ಗರಿ ಕುದಿಸುತ್ತಿದ್ದೆ.

ಮರೈಕೆಯ ತಾಯಿ, ನನ್ನ ಬೀಗತಿ, ಹಾಲೆಂಡಿನಿಂದ ಬಂದಿದ್ದರು. ಬಿಳಿ ಕೂದಲಿನ ಸಣ್ಣ ಹೆಂಗಸು. ಆ ಸ್ಟ್ರಿಕ್ಟ್ ಅಮ್ಮ ಇವರೇ ಅಂತ ಅವರು ಬಂದಾಗಿನಿಂದ ನಾನು ನೆಟ್ಟಗೆ ಮುಖ ಕೊಟ್ಟಿರಲಿಲ್ಲ. ಅವರು ತಮ್ಮ ಪಾಡಿಗೆ ರಸ್ಕಿನ ಮೇಲೆ ಬೆಣ್ಣೆ ಸವರಿ, ಅದರ ಮೇಲೆ ನೀಲಿ ಬಿಳಿ ಸಕ್ಕರೆ ಮೆತ್ತಿದ ಸೋಂಪಿನಂಥ ಕಾಳು ಉದುರಿಸುತ್ತಿದ್ದರು. ಗಂಡು ಹುಟ್ಟಿದರೆ ಅವರ ಕಡೆ ಬಂದವರಿಗೆಲ್ಲ ಅದನ್ನೇ ಕೊಡುವುದಂತೆ. ಕೂಸು ಪಕ್ಕದಲ್ಲಿ ಬುಟ್ಟಿಯಲ್ಲಿ ಮಲಗಿತ್ತು. ಅದು ಕುಂಯ್ ಅಂದಾಗ ಬೀಗತಿ ಬಗ್ಗಿ, "ಓ ಕೂನ್, ಏನಾಯ್ತು ನನ್ನ ಕೂನ್?" ಅಂದರು.

ನಾನು ಸೌಟು ಕೆಳಗಿಟ್ಟೆ. "ಏನಂತ ಕರೆದಿರಿ?" ಅಂತ ಇಂಗ್ಲಿಷಿನಲ್ಲಿ ಕೇಳಿದೆ.

"ಕೂನ್. ಪೂರ್ತಿ ಹೆಸರು ಕೂನ್‌ರಾಡ್ ಅಂತ ಗೊತ್ತು. ಇಷ್ಟು ಸಣ್ಣ ಮಗುವಿಗೆ ಅಷ್ಟುದ್ದ ಯಾಕೆ ಅಂತ," ನಕ್ಕರು. "ನಿಮಗೆ ಥ್ಯಾಂಕ್ಸ್ ಹೇಳಬೇಕು ಅಂತ ಬಂದ ದಿನದಿಂದ ಅಂದುಕೊಳ್ಳುತ್ತಿದ್ದೇನೆ, ಧೈರ್ಯ ಆಗಿರಲಿಲ್ಲ. ನಮ್ಮ ಭಾಷೆಯಲ್ಲೇ ಹುಡುಕಿ ಆರಿಸಿದಿರಲ್ಲ, ಬಹಳ ದೊಡ್ಡ ಮನಸ್ಸು."

"ನಾನು ಆರಿಸಿದೆನೇ?"

"ಕಲ್ಮೇಶ್ ಹೇಳಿದ. ಹುಟ್ಟಿದ ಮಾರನೇ ದಿನವೇ ಆಸ್ಪತ್ರೆಯಲ್ಲಿ ಬರೆಸಿದರಲ್ಲ." ಅವರು ಕೈ ಒರೆಸಿಕೊಂಡರು. "ನಿಜ ಹೇಳುತ್ತೇನೆ, ಮೊದಲು ನಮಗೆ ಸ್ವಲ್ಪ ಬೇಜಾರಾಗಿತ್ತು. ನಮ್ಮ ಊರ ಕಡೆ ಮೊದಲ ಗಂಡುಮಗುವಿಗೆ ತಂದೆಯ ತಂದೆಯ ಹೆಸರೇ ಇಡುವುದು. ನನ್ನ ದೊಡ್ಡ ಮಗನಿಗೂ ಹಾಗೇ ಇಟ್ಟೆವು. ಮರೈಕೆ ನಿಮ್ಮ ತಂದೆಯವರ ಹೆಸರೇ ಬೇಕು ಅಂತಿದ್ದಳು. ಆದರೆ ತೀರಿಹೋದವರ ಹೆಸರನ್ನು ಮಗುವಿಗೆ ಇಡುವುದು ನಿಮ್ಮಲ್ಲಿ ಅಪಶಕುನವಂತೆ, ನೀವು ಖಂಡಿತ ಬೇಡ ಅಂದಿರಂತೆ. ಆ ಮಾತು ಎತ್ತಿದರೆ ನೀವು ಅಳುತ್ತೀರಿ ಅಂತ ಕಲ್ಮೇಶ್ ಹೇಳಿದ್ದರಿಂದ ಅವಳು ನಿಮ್ಮ ಮುಂದೆ ಸುಮ್ಮನಿದ್ದಳು."

ಅಪಶಕುನವಂತೆ! ನಮ್ಮಲ್ಲಿ! ನಮ್ಮ ಅಜ್ಜನ ಹೆಸರು ಹೊತ್ತವರು ನಮ್ಮ ಮನೆತನದಲ್ಲಿ ಎಷ್ಟು ಜನರಿದ್ದಾರೆ ಅಂತ ಎಣಿಸಲು ಕೂತರೆ ಹೊತ್ತು ಮುಳುಗೀತು. ಬೀಗತಿಯ ಕೈಯನ್ನು ಒಮ್ಮೆ ಹಿಡಿದು ಬಿಟ್ಟು, ಗರಾಜಿಗೆ ಹೋದೆ.

ಕಲ್ಮೇಶ ಅಲ್ಲಿ ಮಡಿಸುವ ಕುರ್ಚಿಗಳನ್ನು ಒರೆಸುತ್ತಿದ್ದ.

"ಕೂನ್‌ರಾಡ್ ಅಂದ್ರ ಅರ್ಥ ಏನು, ಗೊತ್ತೇನ ನಿನಗ?"

ಅವನ ಕೈಯಲ್ಲಿನ ಬಟ್ಟೆ ನಿಂತಿತು. "ಅಕ್ಕಾ..."

"ಧೈರ್ಯದಿಂದ ಬುದ್ಧಿ ಹೇಳಾಂವ ಅಂತ. ನಿನ್ನಂಥಾ ಪುಕ್ಕಲ ಆ ಹೆಸರು ಹ್ಯಾಂಗ ಆರಿಸಿದೆಪಾ? ಅಕಿ ಮುಂದ ನಾ ಕೆಟ್ಟಾಕಿ, ನನ್ನ ಮುಂದ ಅಕಿ ಕೆಟ್ಟಾಕಿ. ನೀ ನಡುವ ನಿಂತು ಬೆಣ್ಣಿ ತಿಂದಿ. ಮತೈಸ್ ಅಂತ ಹುಡುಕಿ ಕೊಟ್ಟಾಗ ಭಾಳ ಛಲೋ ಆತ ಅಂದೆಲ್ಲ, ಅದನ್ನರ ಅಕಿಗೆ ಹೇಳಿದ್ದೇನ?"

"ಇಲ್ಲ. ಅದರ ಅರ್ಥ ನೀನ ಹೇಳಿದ್ದೆಲ್ಲ. ಅದೂ ಅಪ್ಪನ ಹೆಸರ ಆಗತಿತ್ತು."

"ಆಗ್ಲಿ! ಅಪ್ಪನ ಹೆಸರು ಹೇಳಾಕ ಅಮೆರಿಕಾದಾಗ ನಾಚಿಕಿ ಬಂತೇನ?"

ಅವನು ಕುರ್ಚಿಯ ಮೇಲೆ ಕೂತ. ಮೊದಲ ಸಲ ಅವನ ದನಿ ಮೆತ್ತಗಿರಲಿಲ್ಲ. "ನಾಚಿಕಿ ಅಲ್ಲ. ನೀ ನೋಡಿದ ಅಪ್ಪ ಬ್ಯಾರೆ, ನಾ ನೋಡಿದ ಅಪ್ಪ ಬ್ಯಾರೆ. ನೀ ಅಮೆರಿಕಾಕ್ಕ ಬಂದಿ, ಅವ್ವ ಹೋದಳು. ಆ ಮನ್ಯಾಗ ಉಳದಾವ್ರು ನಾವಿಬ್ರ. ಸಾಲ್ಯಾಗಿನ ಛಡಿ ಮನಿಗೂ ಬರತಿತ್ತು. ಮಾರ್ಕ್ಸ್ ಕಡಿಮಿ ಬಂದ್ರ ಏಟು. ಛಲೋ ಬಂದ್ರ ನಿಮ್ಮಕ್ಕನಷ್ಟು ಬರಲಿಲ್ಲ ಅಂತ ಏಟು. ಅಂಗೈ ಮುಂದ ಹಿಡೀಲಿಲ್ಲಂದ್ರ ಬೆನ್ನಿಗೆ. ಆ ಹೆಸರು ಕೂಗಿ ನನ್ನ ಮಗನ್ನ ಊಟಕ್ಕ ಕರ್ಯಾಕ ನನ್ನ ಕೈಲಿ ಆಗೂದಿಲ್ಲ ಅಕ್ಕಾ."

ಕಾರಿಗೆ ಒರಗಿದೆ. ನನ್ನ ಟ್ರಂಕು ಹೊತ್ತ ಹೆಗಲು, ಅದೇ ಕೈ. ಸುಳ್ಳು ಅನ್ನಬೇಕೆಂದು ಅವನ ಮುಖ ನೋಡಿದೆ. ಈ ಒಂದು ವಿಷಯದಲ್ಲಿ ಅವನು ಸುಳ್ಳು ಹೇಳುತ್ತಿರಲಿಲ್ಲ. ಅಪ್ಪನೂ ನನಗೆ ಮೋಸ ಮಾಡಿದ್ದರು. ಬರೆದ ಪ್ರತಿ ಕಾಗದದಲ್ಲೂ ತಮ್ಮ ಆರಾಮ ಇದ್ದಾನೆ, ಛಲೋ ಓದ್ತಾನೆ ಅಂತ ಬರೆಯುತ್ತಿದ್ದರು.

"ಇದನ್ನ ನನಗ ಹೇಳಬೇಕಿತ್ತು," ಅಂದೆ.

"ಹೇಳಿದ್ರ ನೀ ನಂಬತಿದ್ದೇನ?"

"ನಂಬತಿದ್ದಿಲ್ಲ. ಬೈತಿದ್ದೆ, ಅಳತಿದ್ದೆ, ಮನಿ ಎಬ್ಬಿಸಿ ರಂಪ ಮಾಡತಿದ್ದೆ. ಆದ್ರ ಬ್ಯಾಡ ಅನ್ನೂ ಮಾತು ನಿಂದು, ನಿನ್ನ ಬಾಯಾಗ ಇರತಿತ್ತು. ಅದನ್ನ ನನ್ನ ಬಾಯಾಗ ಯಾಕ ಇಟ್ಟಿ? ನಾ ನನ್ನ ಅಪ್ಪನ ಹೆಸರು ಅಪಶಕುನ ಅಂದ್ನಾ? ನಾ?"

ಅವನು ಎದ್ದು ಕೈ ಮುಗಿದ. "ತಪ್ಪಾತು. ಮರೈಕೆಗೆ ನಾ ಆಮೇಲೆ ತಿಳಿಸಿ ಹೇಳ್ತೀನಿ. ಈಗ ಮಂದಿ ಬಂದಾರ. ಕೂನ್ ಅಂತ ಕಿವ್ಯಾಗ ಹೇಳಿಬಿಡು, ನಿನ್ನ ಕಾಲಿಗೆ ಬೀಳ್ತೀನಿ."

ಅಷ್ಟರಲ್ಲಿ ಕೆಲಸಕ್ಕೆ ಕೈಜೋಡಿಸಿದ್ದ ಬೆಂಗಳೂರಿನ ಹುಡುಗಿ ಪ್ರತಿಭಾ ಬಾಗಿಲು ತೆರೆದು, "ಆಂಟಿ, ಎಲ್ಲಾ ರೆಡಿ ಇದೆ, ನಿಮಗೋಸ್ಕರ ವೇಟ್ ಮಾಡ್ತಿದ್ದಾರೆ, ಬನ್ನಿ ಬನ್ನಿ," ಅಂದಳು. ಸೆರಗಿನಿಂದ ಮುಖ ಒರೆಸಿಕೊಂಡು ಕೆಳಗೆ ಇಳಿದೆ.

ಬೇಸ್‌ಮೆಂಟಿನ ತುಂಬ ಜನ. ಹೆಂಗಸರೆಲ್ಲ ತೊಟ್ಟಿಲ ಸುತ್ತ ಕೂತಿದ್ದರು. ನಮ್ಮೆಲ್ಲರಿಗೂ ಹಿರಿಯಳಾದ ಶಿವಕ್ಕ ಕೂಸನ್ನು ತೊಟ್ಟಿಲ ಕೆಳಗಿನಿಂದ ಒಮ್ಮೆ, ಮೇಲಿನಿಂದ ಒಮ್ಮೆ ದಾಟಿಸಿ ಒಳಗೆ ಮಲಗಿಸಿದಳು. ಮರೈಕೆ ಇಳಕಲ್ ಸೀರೆಯಲ್ಲಿ ಪಕ್ಕದಲ್ಲಿ ಕೂತಿದ್ದಳು. ನನ್ನನ್ನು ನೋಡಿ ಅದೇ ಅಂಜಿದ ನಗು ನಕ್ಕಳು. ಇಷ್ಟು ತಿಂಗಳು ಆ ನಗುವಿಗೆ ನಾನು ಮುಖ ಗಂಟು ಹಾಕಿದ್ದೆನಲ್ಲ, ಅದಕ್ಕೆ ಯಾರು ಉತ್ತರ ಕೊಡಬೇಕು?

"ಸ್ವಾದರತ್ತಿ, ಬಾರ ಯವ್ವಾ, ಹೆಸರು ಹೇಳ," ಅಂದಳು ಶಿವಕ್ಕ.

ನಾನು ಬಗ್ಗಲಿಲ್ಲ. ನನ್ನ ಸ್ವಭಾವವೇ ಅಂಥದ್ದು, ಸುಳ್ಳಿನ ಮೇಲೆ ಕೂತು ಆರತಿ ಮಾಡಲು ಬರುವುದಿಲ್ಲ. "ಮರೈಕೆ," ಅಂದೆ ಇಂಗ್ಲಿಷಿನಲ್ಲಿ, ಎಲ್ಲರಿಗೂ ಕೇಳುವಂತೆ, "ಈ ಹೆಸರು ನಾನು ಆರಿಸಿದ್ದಲ್ಲ. ನನ್ನ ತಂದೆಯ ಹೆಸರು ಬೇಡ ಅಂತ ನಾನು ಯಾವತ್ತೂ ಹೇಳಿಲ್ಲ. ಅದನ್ನು ಬೇಡ ಅಂದವಳು ನೀನು ಅಂತ ನನಗೆ ಹೇಳಿದ್ದರು."

ಮರೈಕೆ ನನ್ನನ್ನು ನೋಡಿದಳು, ಬಾಗಿಲ ಬಳಿ ನಿಂತ ಗಂಡನನ್ನು ನೋಡಿದಳು. "ನಿಜವೇ?" ಅಂದಳು.

ಕಲ್ಮೇಶ ಹೌದೆಂದು ತಲೆ ಅಲ್ಲಾಡಿಸಿದ.

ಅವಳ ಮುಖ ಕೆಂಪಗಾಯಿತು, ಕಣ್ಣು ತುಂಬಿತು. ಅವಳೂ ನನ್ನ ಹಾಗೇ ಮೋಸಹೋದವಳು, ಇನ್ನೂ ಜಾಸ್ತಿ, ಯಾಕೆಂದರೆ ಅವಳು ಅವನ ಜತೆ ಒಂದೇ ಮನೆಯಲ್ಲಿ ಇರಬೇಕು. ಆದರೂ ಹುಡುಗಿ ಅಳಲಿಲ್ಲ. ಕೂಸಿನ ಎದೆಯ ಮೇಲೆ ಕೈ ಇಟ್ಟು, "ಬರೆಸಿದ್ದನ್ನು ಬದಲಾಯಿಸಬಹುದು. ಇವನು ದಾನಪ್ಪ. ನೀವೇ ಹೇಳಿ," ಅಂದಳು. ಹೆಸರನ್ನು ಎಷ್ಟು ಸ್ವಚ್ಛವಾಗಿ ಹೇಳಿದಳೆಂದರೆ ಮುದುಕಿ ಶಿವಕ್ಕನೂ ಬೆರಗಾಗಿ ನೋಡಿದಳು.

ನಾನು ಬೇಡಿದ್ದೆಲ್ಲ ನನ್ನ ಎದುರಿಗಿತ್ತು. ಅಪ್ಪನ ಹಣೆ, ಅಪ್ಪನ ಹೆಸರು, ಕೊಡಲು ತಯಾರಿರುವ ತಾಯಿ. ಬಗ್ಗಿ ಒಂದು ಮಾತು ಹೇಳಿದರೆ ಮುಗಿಯಿತು. ಯಾಕೋ ಬಾಗಿಲ ಕಡೆ ನೋಡಿದೆ. ಕಲ್ಮೇಶ ಎರಡೂ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು, ನೆಲ ನೋಡುತ್ತ ನಿಂತಿದ್ದ. ಮೂವತ್ತು ದಾಟಿದ ಗಂಡಸು. ಅವನ ಮೇಲೆ ನನಗೆ ಕನಿಕರ ಬರಲಿಲ್ಲ, ಅದು ಬಂತು ಅಂತ ಹೇಳಿದರೆ ನಾನೂ ಸುಳ್ಳಿಯಾಗುತ್ತೇನೆ. ಬಂದದ್ದು ಅಪ್ಪನ ಮೇಲೆ. ಆ ಹೆಸರು ಕೂಗಿದಾಗಲೆಲ್ಲ ಇವನ ಬೆನ್ನು ಸೆಟೆಯುತ್ತದೆ, ಕೂಸು ಅದನ್ನು ನೋಡುತ್ತಾ ಬೆಳೆಯುತ್ತದೆ, ಆಮೇಲೆ ನಮ್ಮಪ್ಪ ಎಂಥವರು ಅಂತ ಅದಕ್ಕೆ ಯಾರು ಹೇಳುತ್ತಾರೆ?

ಬಗ್ಗಿದೆ. ಕೂಸಿನ ಕಿವಿಗೆ ಬಾಯಿ ಇಟ್ಟು, "ಕೂನ್," ಅಂದೆ. ಅದು ಆ ಹೆಸರಿಗೆ ಆಗಲೇ ರೂಢಿಯಾಗಿತ್ತೋ ಏನೋ, ಕಣ್ಣು ಬಿಟ್ಟಿತು.

ಮರೈಕೆ "ಯಾಕೆ?" ಅಂತ ನನ್ನ ಕೈ ಹಿಡಿದುಕೊಂಡಳು. ಅವಳ ಹಣೆಗೆ ಮುತ್ತು ಕೊಟ್ಟು, ಗುಗ್ಗರಿ ಹಂಚಲು ಪ್ರತಿಭಾಗೆ ಹೇಳಿ, ನನ್ನ ಕೋಟು ತಗೊಂಡೆ. ಮೆಟ್ಟಿಲಲ್ಲಿ ಕಲ್ಮೇಶ ಅಡ್ಡ ಬಂದ. ಅವನ ಕಣ್ಣಲ್ಲಿ ನೀರಿತ್ತು. "ಅಕ್ಕಾ, ನನ್ನ ಸಲುವಾಗಿ ಬಿಟ್ಟುಕೊಟ್ಟಿ," ಅಂದ.

"ನಿನ್ನ ಸಲುವಾಗಿ ಅಲ್ಲೋ," ಅಂದೆ. "ಬ್ಯಾಡ ಅಂದ ಮನ್ಯಾಗ ನಮ್ಮಪ್ಪನ್ನ ಬಿಟ್ಟು ಹೋಗಾಕ ನನಗ ಮನಸ್ಸಾಗಲಿಲ್ಲ."